ಅಪಾಯಕಾರಿ ನಾಯಿಯೂ ಒಡೆಯನ ಅಹವಾಲೂ

ಕುರಿಮಂದೆಗೆ ತೋಳವೊಂದೇ ಶತ್ರುವಲ್ಲ; ನೆರೆಯವನು ಕಟ್ಟದೆ ಬಿಟ್ಟ ನಾಯಿಯೂ ಶತ್ರುವೇ. ಕುರಿ ಸಾಕಣೆಗೆ ಹೆಸರಾದ ನ್ಯೂಜಿಲೆಂಡಿನಲ್ಲಿ ಇದಕ್ಕಾಗಿ 1996ನೆಯ ಇಸವಿಯ ನಾಯಿ ನಿಯಂತ್ರಣ ಶಾಸನವಿದೆ. ಮನುಷ್ಯರಿಗಾಗಲಿ, ದನಕುರಿಗಳಿಗಾಗಲಿ, ಕೋಳಿಗಳಿಗಾಗಲಿ ನಾಯಿಯಿಂದ ಅಪಾಯವುಂಟೆಂದು ಪ್ರಮಾಣಪೂರ್ವಕವಾದ ಸಾಕ್ಷ್ಯದಿಂದ ಸ್ಥಳೀಯ ಸಂಸ್ಥೆಗೆ ಮನವರಿಕೆಯಾದರೆ, ಅದನ್ನು ಅಪಾಯಕಾರಿಯೆಂದು ವರ್ಗೀಕರಿಸತಕ್ಕದ್ದು. ಬಳಿಕ ಒಡೆಯನು ಅದನ್ನು ಭದ್ರವಾದ ಬೇಲಿಯೊಳಗೆ ಇಡಬೇಕು. ಹೊರಗೆ ಕರೆತರುವಾಗ ಬಾಯಿಕುಕ್ಕೆ ಹಾಕಿ ಹಗ್ಗ ಹಿಡಿದಿರಬೇಕು. ಸಂತಾನಹರಣ ಚಿಕಿತ್ಸೆಯನ್ನೂ ಮಾಡಿಸಬೇಕು.

ಕಟ್ಟಳೆಯು ಇಷ್ಟು ಬಿಗಿಯಾಗಿದ್ದರೂ ಒಡೆಯನ ಬಾಯಿಗೆ ಕುಕ್ಕೆ ಹಾಕಿಲ್ಲ. ನೋಟೀಸು ಮುಟ್ಟಿದ 14 ದಿನಗಳೊಳಗೆ ಅವನು ಲಿಖಿತ ಆಕ್ಷೇಪಣೆಯನ್ನು ಸಲ್ಲಿಸಿ, ತನ್ನ ಅಹವಾಲನ್ನು ಹೇಳಿಕೊಳ್ಳಬಹುದು. ಅಪಾಯವನ್ನು ತಡೆಯಲು ಅವನು ಕೈಗೊಂಡ ಕ್ರಮಗಳನ್ನು ಸಂಸ್ಥೆಯು ಪರಿಶೀಲಿಸಿ, ನಿರ್ಣಯವನ್ನೂ ಅದರ ಕಾರಣಗಳನ್ನೂ ಬರಹದಲ್ಲಿ ತಿಳಿಸತಕ್ಕದ್ದು.

ಇದು ಮೆಚ್ಚತಕ್ಕ ಏರ್ಪಾಡು. ಆದರೆ ವರ್ಗೀಕರಿಸಿದ ಸಂಸ್ಥೆಯೇ ಆಕ್ಷೇಪಣೆಯನ್ನೂ ವಿಚಾರಿಸುವುದು ಇದರಲ್ಲಿರುವ ಕೊರತೆ. ತೂಗಿದವನೇ ತೂಕದ ತಕರಾರನ್ನು ತೀರಿಸಿದರೆ ನಂಬುವವರು ಯಾರು? ವಿಚಾರಣೆಯು ಬೇರೊಬ್ಬರ ಮುಂದೆ ನಡೆಯಲಿ; ತೀರ್ಪಾಗುವವರೆಗೆ ನಾಯಿಯು ಕಟ್ಟಿನಲ್ಲಿರಲಿ. ಆಗ ಮಂದೆಗೆ ಭಯವಿಲ್ಲ, ಒಡೆಯನಿಗೆ ಅನ್ಯಾಯವೂ ಇಲ್ಲ. ನ್ಯಾಯವಾಗಿ ತನ್ನ ಮಾತನ್ನು ಕೇಳಿದರೆಂದು ತಿಳಿದ ಒಡೆಯನೇ ಬೇಲಿಯನ್ನು ಮನಸ್ಸಿಟ್ಟು ಕಟ್ಟುವನು.