ಆದರ್ಶಲೋಕದ ಕಥೆಗೆ ಹೊರಗಿನ ಅತಿಥಿ ಬೇಕೇ?

ಆದರ್ಶಲೋಕದ ಕಥೆಗಳಲ್ಲಿ ಒಂದು ರೂಢಿ ಐದು ಶತಮಾನಗಳಿಂದ ನಡೆದುಬಂದಿದೆ: ಹೊರಗಿನವನೊಬ್ಬ ಆ ನಾಡಿಗೆ ಹೋಗುತ್ತಾನೆ, ಅಲ್ಲಿಯವರು ಅವನನ್ನು ಸುತ್ತಾಡಿಸಿ ಎಲ್ಲವನ್ನೂ ವಿವರಿಸುತ್ತಾರೆ. ಥಾಮಸ್ ಮೋರ್‌ನ ‘ಯುಟೋಪಿಯಾ’ದಲ್ಲಿ (1516) ರಾಫೆಲ್ ಹೈಥ್ಲೋಡೇ ಎಂಬ ಪಯಣಿಗ ತಾನು ಕಂಡ ದ್ವೀಪವನ್ನು ಬಣ್ಣಿಸುತ್ತಾನೆ. ಎಡ್ವರ್ಡ್ ಬೆಲ್ಲಮಿಯ ‘ಲುಕಿಂಗ್ ಬ್ಯಾಕ್‌ವರ್ಡ್’ನಲ್ಲಿ (1888) ಬಾಸ್ಟನ್ನಿನ ಜೂಲಿಯನ್ ವೆಸ್ಟ್ 1887ರಲ್ಲಿ ಮಲಗಿ 2000ದಲ್ಲಿ ಎಚ್ಚರಗೊಳ್ಳುತ್ತಾನೆ. ಈ ಅತಿಥಿಯಿಲ್ಲದೆ ಕಥೆ ನಡೆಯದೇ?

ಪರ

ಆದರ್ಶನಾಡಿನಲ್ಲೇ ಹುಟ್ಟಿ ಬೆಳೆದವನಿಗೆ ಅಲ್ಲಿ ಬೆರಗಾಗುವಂಥದ್ದೇನೂ ಇಲ್ಲ. ದುಡ್ಡಿಲ್ಲದೆ ಸಂತೆ ಹೇಗೆ ನಡೆಯುತ್ತದೆ ಎಂಬ ಪ್ರಶ್ನೆ ಅವನಿಗೆ ಹೊಳೆಯುವುದೇ ಇಲ್ಲ. ಕೇಳಲು ಹೊರಗಿನವನೇ ಬೇಕು. ಅತಿಥಿಯೊಂದಿಗೆ ಅವನ ಊರೂ ಬರುತ್ತದೆ. ರೊಕೆಯಾ ಸಖಾವತ್ ಹುಸೇನ್ ಅವರ ‘ಸುಲ್ತಾನಾಸ್ ಡ್ರೀಮ್’ 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜಿನ್’ನಲ್ಲಿ ಪ್ರಕಟವಾಯಿತು. ಅದರಲ್ಲಿ ಹೆಂಗಸರೇ ಆಳುವ ನಾಡಿನ ಬೀದಿಗಿಳಿದ ಸುಲ್ತಾನಾ, ಪರದೆಯ ಅಭ್ಯಾಸದಿಂದ ಅಳುಕುತ್ತಾಳೆ. ಇವಳು ಗಂಡಸರಂತೆ ನಾಚುತ್ತಾಳೆಂದು ದಾರಿಹೋಕರು ತಮಾಷೆ ಮಾಡುತ್ತಾರೆ. ಗಂಡಸರೆಲ್ಲ ಅಲ್ಲಿ ಮನೆಯೊಳಗೆ. ಸುಲ್ತಾನಾಳ ಅಳುಕಿಲ್ಲದೆ ಈ ವ್ಯಂಗ್ಯಕ್ಕೆ ಮೊನೆ ಬರುತ್ತಿರಲಿಲ್ಲ. ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಅವರ ‘ಹರ್‌ಲ್ಯಾಂಡ್’ನ (1915) ಮೂವರು ಗಂಡಸರೂ ಹಾಗೆಯೇ, ಇಷ್ಟು ಅಚ್ಚುಕಟ್ಟಾದ ನಾಡಿನಲ್ಲಿ ಗಂಡಸರು ಇರಲೇಬೇಕೆಂಬ ಅವರ ಹಟ ಮುರಿಯುವುದರಲ್ಲೇ ಕಥೆಯ ರಸವಿದೆ.

ವಿರೋಧ

ಕೆಲವೇ ಪುಟಗಳ ಕಥೆಗೆ ಹೊಂದುವ ಉಪಾಯ ದೊಡ್ಡ ಕಾದಂಬರಿಯಲ್ಲಿ ಉಪನ್ಯಾಸವಾಗುತ್ತದೆ. ಬೆಲ್ಲಮಿಯ ಡಾಕ್ಟರ್ ಲೀಟ್ ಅಧ್ಯಾಯದ ಮೇಲೆ ಅಧ್ಯಾಯ ವಿವರಿಸುತ್ತಲೇ ಹೋಗುತ್ತಾನೆ. ವೆಸ್ಟ್‌ನ ಆಕ್ಷೇಪಗಳು ಏಳುವುದೇ ಸೋಲುವುದಕ್ಕೆ. ಬೆಲ್ಲಮಿಯ ಸಮಾಜವನ್ನು ಒಪ್ಪದ ವಿಲಿಯಂ ಮಾರಿಸ್ 1890ರಲ್ಲಿ ‘ನ್ಯೂಸ್ ಫ್ರಮ್ ನೋವೇರ್’ ಬರೆದ. ಆದರೆ ಅವನ ನಾಯಕನೂ ಮಲಗಿ ಏಳುತ್ತಾನೆ, ಮುದುಕ ಹ್ಯಾಮಂಡ್‌ನ ಎದುರು ಕೂತು ಉದ್ದುದ್ದ ಉತ್ತರಗಳನ್ನು ಕೇಳುತ್ತಾನೆ. ಸಮಾಜವನ್ನೇ ಬದಲಿಸಿದವನಿಗೂ ರೂಢಿಯನ್ನು ಬಿಡಲಾಗಲಿಲ್ಲ.

ಇನ್ನೂ ದೊಡ್ಡ ದೋಷ ಬೇರೆಯಿದೆ. ಏನನ್ನು ತೋರಿಸಬೇಕೆಂದು ನಿರ್ಧರಿಸುವವನು ಮಾರ್ಗದರ್ಶಿ. ಮಂತ್ರಿ ಬರುವ ದಿನ ಸುಣ್ಣ ಬಳಿಸಿಕೊಂಡ ಹಾಸ್ಟೆಲಿನಂತೆ ನಾಡು ಕಾಣುತ್ತದೆ. ಅಲ್ಲಿ ಬಾಳುವವರ ಜಗಳ, ಹೊಟ್ಟೆಕಿಚ್ಚು, ಬೇಸರ ಹೊರಬೀಳುವುದಿಲ್ಲ. ಅರ್ಸುಲಾ ಲೆ ಗ್ವಿನ್ ‘ದಿ ಡಿಸ್ಪೊಸೆಸ್ಡ್’ನಲ್ಲಿ (1974) ಇದನ್ನು ತಿರುಗಿಸಿದರು. ಆದರ್ಶನಾಡಾದ ಅನಾರೆಸ್‌ನ ಭೌತವಿಜ್ಞಾನಿ ಶೆವೆಕ್, ಸಿರಿವಂತ ಯುರಾಸ್‌ಗೆ ಹೋಗುತ್ತಾನೆ. ನಡುನಡುವಿನ ಅಧ್ಯಾಯಗಳು ಅವನ ತಾಯ್ನಾಡಿನವು: ಬರಗಾಲ, ಅವನ ಸಂಶೋಧನೆಗೆ ಅಡ್ಡಬರುವ ಹಿರಿಯ ಸಬುಲ್, ಕಾನೂನಿಲ್ಲದ ಕಡೆ ನೆರೆಹೊರೆಯವರ ಅಭಿಪ್ರಾಯವೇ ಕಟ್ಟಳೆಯಾಗುವ ಬಗೆ. ಇವನ್ನು ಯಾವ ಮಾರ್ಗದರ್ಶಿಯೂ ತೋರಿಸಲಾರ.

ಶೆವೆಕ್ ಕೂಡ ಅತಿಥಿಯೇ ಅಲ್ಲವೇ ಎಂದು ಪರವಾದಿಗಳು ಕೇಳಬಹುದು, ಮಾತು ಸುಳ್ಳಲ್ಲ. ಆದರೆ ಯುರಾಸ್‌ನ ಆತಿಥ್ಯವನ್ನು ಈ ಕಾದಂಬರಿ ನಂಬುವುದಿಲ್ಲ. ಆತಿಥೇಯರು ಮರೆಮಾಡಿದ ಬಡವರನ್ನು ಕಾಣಬೇಕಾದರೆ ಶೆವೆಕ್ ಅವರಿಂದ ತಪ್ಪಿಸಿಕೊಂಡೇ ಹೋಗಬೇಕಾಗುತ್ತದೆ.