ಕೊಟ್ಟ ಮಾತು, ಕೊಡದ ಕಲಿಕೆ: ಕ್ರೀಡಾ ಸಂಸ್ಥೆಯೊಂದರ ಮುಖ್ಯಸ್ಥರಿಗೆ ಬಹಿರಂಗ ಪತ್ರ

ಮಾನ್ಯರೆ,

ವೃತ್ತಿಪರ ಕ್ರೀಡೆಯಲ್ಲಿ ಇಂಟರ್ನ್‌ಶಿಪ್ ಎಂದರೆ ಪದವಿ ಮುಗಿಸಿದವರು ತಂಡವೊಂದರ ನಿತ್ಯದ ಕೆಲಸದಲ್ಲಿ ಕೈಜೋಡಿಸಿ, ಬಲ್ಲವರ ಕೈಕೆಳಗೆ ಆ ಕಸುಬನ್ನು ಕಲಿಯುವ ವ್ಯವಸ್ಥೆ. 2008ರಲ್ಲಿ ಐಪಿಎಲ್, 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಆಡುವವರ ಜೊತೆಗೆ ಆಡಿಸುವವರಿಗೂ ಉದ್ಯೋಗ ಹುಟ್ಟಿತು. ಫಿಸಿಯೋ, ವಿಡಿಯೋ ವಿಶ್ಲೇಷಕ, ಮೈದಾನದ ವ್ಯವಸ್ಥಾಪಕ, ಪ್ರಾಯೋಜಕರನ್ನು ತರುವವರು ಹೀಗೆ ಪಟ್ಟಿ ಉದ್ದವಿದೆ. ಈ ಕಲಿಕೆ ನಿಂತಿರುವುದು ಎರಡರ ಮೇಲೆ. ಒಂದು, ಕಲಿಸುವ ಮಾರ್ಗದರ್ಶಕ. ಇನ್ನೊಂದು, ಕಲಿತದ್ದೇನೆಂದು ಸಹಿ ಹಾಕಿ ಕೊಡುವ ಲಿಖಿತ ಮೌಲ್ಯಮಾಪನ. ಇವೆರಡನ್ನೂ ಕೊಡುವುದಾಗಿ ತಾವು ಜಮಖಂಡಿಯ ಸಭೆಯಲ್ಲಿ ಪೋಷಕರ ಎದುರಿಗೇ ಮಾತು ಕೊಟ್ಟಿದ್ದೀರಿ.

ಆಮೇಲೆ ಆದದ್ದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಮನೆಮನೆಗೂ ಗೊತ್ತು. ಮಾರ್ಗದರ್ಶಕರು ಬರಲಿಲ್ಲ. ಇಂಟರ್ನ್‌ಗಳಾಗಿ ತಮ್ಮ ಸಂಸ್ಥೆಗೆ ಹೋದ ನಮ್ಮ ಪದವೀಧರರು ಗೇಟು ಕಾಯ್ದರು, ನೀರಿನ ಬಾಟಲಿ ಹೊತ್ತರು, ಕುರ್ಚಿ ಜೋಡಿಸಿದರು. ಕೊನೆಗೆ ಕೈಗೆ ಸಿಕ್ಕಿದ್ದು ಹಾಜರಿಯ ಚೀಟಿ ಮಾತ್ರ. ಕಾಲೇಜಿನಿಂದ ಹೋದ ಪತ್ರಗಳಿಗೆ ಉತ್ತರ ಬರಲಿಲ್ಲ, ಫೋನು ಮಾಡಿದವರಿಗೆ ಸಾಹೇಬರು ಸಿಗಲಿಲ್ಲ. ತಂಡದ ಜೊತೆ ಕಳೆದ ಆ ಹಂಗಾಮಿನಲ್ಲಿ ಇವರು ಏನೇನು ಕಲಿಯಬಹುದಿತ್ತು ಎಂಬುದನ್ನು ಇನ್ನು ಊರೆದುರಿಗೇ ಹೇಳಬೇಕಾಗಿದೆ.

ಮೊದಲನೆಯದು ಆಟಗಾರನ ದೇಹವನ್ನು ಅರಿಯುವ ವಿದ್ಯೆ. ಈ ಸೀಮೆಯ ಗರಡಿಯಲ್ಲಿ ಬೆಳೆದವರಿಗೆ ಪಟ್ಟು ಹೇಳಿಕೊಡಬೇಕಿಲ್ಲ. ತೂಕ ಇಳಿಸುವ ಕ್ರಮ, ಮೈಯಲ್ಲಿನ ನೀರಿನಂಶದ ಮೇಲೆ ನಿಗಾ, ಗಾಯವಾದವನು ಮತ್ತೆ ಯಾವಾಗ ಕಣಕ್ಕಿಳಿಯಬೇಕೆಂಬ ತೀರ್ಮಾನ ಮಾತ್ರ ತಂಡದ ಒಳಗಿದ್ದೇ ಕಲಿಯುವಂಥವು. ಕುಸ್ತಿಯಲ್ಲಿ ಎರಡನೆಯ ದಿನ ಬೆಳಿಗ್ಗೆಯೂ ತೂಕ ನೋಡುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿದ್ದ ವಿನೇಶ್ ಫೋಗಟ್ 50 ಕೆ.ಜಿ. ಮಿತಿಗಿಂತ 100 ಗ್ರಾಂ ಹೆಚ್ಚಿದ್ದ ಕಾರಣಕ್ಕೆ ಅನರ್ಹರಾದರು. ಆಟಗಾರರ ಜೊತೆಗಿರುವ ಸಿಬ್ಬಂದಿಯ ಕೆಲಸ ಎಷ್ಟು ಸೂಕ್ಷ್ಮವೆಂಬುದಕ್ಕೆ ಇದು ಸಾಕ್ಷಿ. ಉದ್ದೀಪನ ಮದ್ದಿನ ನಿಯಮಗಳೂ ಇದೇ ಪಾಠದ ಭಾಗ. ಪರೀಕ್ಷಾ ಪಟ್ಟಿಯಲ್ಲಿರುವ ಆಟಗಾರ ಪ್ರತಿದಿನ 60 ನಿಮಿಷ ಎಲ್ಲಿ ಸಿಗುತ್ತಾನೆಂದು ಮೊದಲೇ ತಿಳಿಸಬೇಕು. ಔಷಧ ಅಂಗಡಿಯಿಂದ ತಂದ ಮಾತ್ರೆ, ಡಬ್ಬಿಯ ಪ್ರೊಟೀನ್ ಪುಡಿ ಎಲ್ಲವನ್ನೂ ಪರಿಶೀಲಿಸಿಯೇ ಬಳಸಬೇಕು. ಇದನ್ನು ಕಲಿತು ಬಂದ ಒಬ್ಬ ಪದವೀಧರ ಒಂದು ತಾಲ್ಲೂಕಿನ ಗರಡಿಗಳನ್ನೆಲ್ಲ ಎಚ್ಚರಿಸಬಲ್ಲ.

ಎರಡನೆಯದು ಅಂಕಿಅಂಶ. ಕಬಡ್ಡಿಯ ರೈಡ್ 30 ಸೆಕೆಂಡಿನದು, ಪಂದ್ಯ 40 ನಿಮಿಷದ್ದು. ರೈಡರ್ ಯಾವ ಬದಿಯಿಂದ ನುಗ್ಗಿದ, ಯಾರು ಕಾಲು ಹಿಡಿದರು, ಎರಡು ಖಾಲಿ ರೈಡ್‌ಗಳ ನಂತರದ ನಿರ್ಣಾಯಕ ರೈಡ್‌ಗೆ ಯಾರನ್ನು ಕಳಿಸಿದರು ಎಂಬುದನ್ನು ವಿಶ್ಲೇಷಕ ಒಂದೊಂದಾಗಿ ದಾಖಲಿಸುತ್ತಾನೆ. ಕೋಚ್‌ನ ಮುಂದಿನ ಯೋಜನೆ ಹುಟ್ಟುವುದು ಅದರಿಂದ. ಸೈಕ್ಲಿಂಗ್‌ನಲ್ಲಿ ಈ ಕೆಲಸವನ್ನು ಪವರ್ ಮೀಟರ್ ಮತ್ತು ಹೃದಯ ಬಡಿತದ ಮಾಪಕ ಮಾಡುತ್ತವೆ. ಸೈಕ್ಲಿಂಗ್‌ಗೆ ಹೆಸರಾದ ಬಾಗಲಕೋಟೆ-ವಿಜಯಪುರ ಸೀಮೆಯಲ್ಲಿ ಕಾಲಿನ ಕಸುವಿಗೆ ಬರವಿಲ್ಲ, ಆ ಅಂಕಿಗಳನ್ನು ಓದಬಲ್ಲವರು ಬೇಕಾಗಿದ್ದಾರೆ. ಆದರೆ ತಮ್ಮಲ್ಲಿ ಲ್ಯಾಪ್‌ಟಾಪ್ ಇದ್ದ ಕೋಣೆಗೆ ಇಂಟರ್ನ್‌ಗಳಿಗೆ ಪ್ರವೇಶವೇ ಇರಲಿಲ್ಲ.

ಮೂರನೆಯದು ಜನಸಂದಣಿಯ ನಿರ್ವಹಣೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಜನ ಬಲಿಯಾದರು. ಯಾವ ಗೇಟು ಯಾವಾಗ ತೆರೆಯಬೇಕು, ಆಂಬುಲೆನ್ಸ್‌ನ ದಾರಿ ಯಾವುದು, ಪೊಲೀಸರ ಜೊತೆ ಮಾತಾಡುವವರು ಯಾರು ಎಂಬುದು ಜೀವ ಉಳಿಸುವ ಜ್ಞಾನ. ಗೇಟು ಕಾಯುವ ಕೆಲಸವೂ ಪಾಠವಾಗಬಲ್ಲದು, ಹೇಳಿಕೊಡುವವರಿದ್ದರೆ. ಮಾತು ಕೊಟ್ಟ ಮಾರ್ಗದರ್ಶಕರಿಲ್ಲದೆ, ಒಂದು ನಕ್ಷೆಯನ್ನೂ ತೋರಿಸದೆ ಆ ಮಕ್ಕಳನ್ನು ಸಾವಿರಾರು ಜನರ ಎದುರು ನಿಲ್ಲಿಸಿದ್ದು ಅಕ್ಷಮ್ಯ.

ನಾಲ್ಕನೆಯದು ಹಣ ಮತ್ತು ಪ್ರಾಮಾಣಿಕತೆ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನ ಫಿಕ್ಸಿಂಗ್ ಪ್ರಕರಣ ರಾಜ್ಯವೇ ತಲೆತಗ್ಗಿಸುವಂತೆ ಮಾಡಿತು. ಫಿಕ್ಸಿಂಗ್ 420ನೇ ಕಲಮಿನ ವಂಚನೆಯಾಗದು, ಕ್ರಮ ಕೈಗೊಳ್ಳುವ ಅಧಿಕಾರ ಬಿಸಿಸಿಐನದು ಎಂದು 2022ರ ಜನವರಿಯಲ್ಲಿ ಹೈಕೋರ್ಟ್ ಹೇಳಿತು. ಅಂದಮೇಲೆ ಆಟದ ಶುದ್ಧತೆಯ ಮೊದಲ ಕಾವಲು ತಂಡದ ಒಳಗೇ ಇರಬೇಕು. ಕರಾರು ಓದುವುದು, ಲೆಕ್ಕ ಇಡುವುದು, ಅಪರಿಚಿತರ ಉಡುಗೊರೆಯನ್ನು ವರದಿ ಮಾಡುವುದು ವಾಣಿಜ್ಯ ಪದವೀಧರರಿಗೆ ಸಿಗಬೇಕಿದ್ದ ಪಾಠ. ಆದರೆ ಕೊಟ್ಟ ಮಾತಿಗೆ ತಪ್ಪಿದ ಸಂಸ್ಥೆ ಯಾವ ಬಾಯಿಂದ ಪ್ರಾಮಾಣಿಕತೆ ಕಲಿಸೀತು?

ಇದು ಒಂದೇ ಸಂಸ್ಥೆಯ ತಪ್ಪೂ ಅಲ್ಲ. ಅವಕಾಶಗಳೆಲ್ಲ ಬೆಂಗಳೂರಿನಲ್ಲಿ ಗುಡ್ಡೆಬಿದ್ದಿವೆ. 2010ರ ಹೊತ್ತಿಗೆ ಮಂಜೂರಾದ ಬಾಗಲಕೋಟೆ-ಕುಡಚಿ ರೈಲು ಮಾರ್ಗ ಇನ್ನೂ ಪೂರ್ಣಗೊಂಡಿಲ್ಲ, ಹಾಗಾಗಿ ಈ ಪದವೀಧರರು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗುತ್ತಾರೆ. ಮಗ್ಗದ ಮನೆಯವರು, ಕಬ್ಬಿನ ಬಿಲ್ಲಿಗೆ ಕಾಯುವವರು ಮಕ್ಕಳ ಬಾಡಿಗೆ, ಊಟಕ್ಕೆ ಸಾಲ ಮಾಡುತ್ತಾರೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಶುರುವಿನಲ್ಲೇ ತಿಂಗಳಿಗೆ 5,000 ರೂಪಾಯಿ ಗೊತ್ತುಮಾಡಿರುವಾಗ, ಕೋಟಿ ಲೆಕ್ಕದಲ್ಲಿ ಆಟಗಾರರನ್ನು ಕೊಳ್ಳುವ ಲೀಗ್‌ಗಳು ಇಂಟರ್ನ್‌ಗೆ ಬಸ್ ಚಾರ್ಜನ್ನೂ ಕೊಡದಿದ್ದರೆ ಅದು ಅನ್ಯಾಯ. ಜಮಖಂಡಿಯಲ್ಲೇ ಬಾಗಲಕೋಟೆ ವಿಶ್ವವಿದ್ಯಾಲಯವಿದೆ. ಅದರ ಜೊತೆ ಲಿಖಿತ ಒಪ್ಪಂದವಿಲ್ಲದೆ ಯಾವ ತಂಡಕ್ಕೂ ವಿದ್ಯಾರ್ಥಿಗಳನ್ನು ಒಯ್ಯಲು ಸರ್ಕಾರ ಬಿಡಬಾರದು.

ಆಗಬೇಕಾದ್ದು ಇಷ್ಟು. ಹೋಗಿ ಬಂದ ಪ್ರತಿಯೊಬ್ಬರನ್ನೂ ಮತ್ತೆ ಕರೆಸಿ, ಹೇಳಿದ್ದ ತರಬೇತಿಯನ್ನು ಮಾರ್ಗದರ್ಶಕರ ಕೈಕೆಳಗೆ ಪೂರ್ತಿಗೊಳಿಸಿ, ಲಿಖಿತ ಮೌಲ್ಯಮಾಪನ ಕೊಡಬೇಕು. ಮುಂದಿನ ಹಂಗಾಮಿಗೆ ಮೊದಲೇ ಮಾರ್ಗದರ್ಶಕರ ಹೆಸರು, ಕೆಲಸದ ವಿವರ, ಭತ್ಯೆ, ವಸತಿ ನಾಲ್ಕೂ ಕಾಗದದ ಮೇಲೆ ಬರಬೇಕು. ಅಲ್ಲಿಯವರೆಗೆ ಈ ನಾಲ್ಕು ತಾಲ್ಲೂಕುಗಳ ಯಾವ ಕಾಲೇಜಿಗೂ ಇಂಟರ್ನ್‌ಗಳನ್ನು ಕೇಳಿಕೊಂಡು ಬರಬೇಡಿ.

ಇತಿ,
ಪದವೀಧರರ ಪೋಷಕರ ಪರವಾಗಿ,
ದೈಹಿಕ ಶಿಕ್ಷಣ ಬೋಧಕರೊಬ್ಬರು, ಜಮಖಂಡಿ