ಕೆಂಪು ಎಣ್ಣೆಯ ನಾಲ್ಕು ಡಬ್ಬಿಗಳು

ಪುಣೆಯಲ್ಲಿರುವ ನನ್ನ ಸೋದರಳಿಯ ಕಳೆದ ವಾರ ದೂರವಾಣಿಯಲ್ಲಿ ಕೇಳಿದ: “ಮಾಮಾ, ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸಿಗೆ ಯಾವ ಕಂಪನಿ ಸಿಂಥೆಟಿಕ್ ಎಣ್ಣಿ ಛಲೋ?” “ಕಂಪನಿ ಆಮೇಲೆ ನೋಡೂಣು, ಮೊದಲ ಗಾಡಿ ಪುಸ್ತಕ ತಗದು ಓದು” ಎಂದೆ. ಆತನಿಗೆ ಸ್ವಲ್ಪ ಬೇಸರವಾದಂತೆ ತೋರಿತು. ನಿವೃತ್ತನಾದರೂ ಮಾಸ್ತರಿಕೆ ಬಿಟ್ಟಿಲ್ಲವೆಂದು ಭಾವಿಸಿರಬೇಕು. ಆದರೆ ಈ ಮಾತನ್ನು ನನಗೆ ಹೇಳಿಕೊಟ್ಟವನು ನನ್ನ ಶಿಷ್ಯನೇ. ಆ ಪ್ರಸಂಗವನ್ನು ಇಲ್ಲಿ ಬರೆದಿಡುವುದು ಉಚಿತವೆನಿಸಿತು. ಕಾರಿಲ್ಲದ ಓದುಗರು ಮನ್ನಿಸಬೇಕು.

ನಿಮ್ಮಲ್ಲಿ ಹಲವರಿಗೆ ತಿಳಿದಿರುವಂತೆ, ನಾಲ್ಕು ವರ್ಷಗಳ ಹಿಂದೆ ನನ್ನ ಎಡ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಆ ಮೇಲೆ ಕ್ಲಚ್ ಒತ್ತುವುದು ಆಗದ ಮಾತಾಯಿತು. ವಾರಕ್ಕೆ ಎರಡು ಸಲ ಮನೆಯವರನ್ನು ಖಾನಾಪುರದಿಂದ ಬೆಳಗಾವಿಯ ಆಸ್ಪತ್ರೆಗೆ ಕರೆದೊಯ್ಯಬೇಕು. ಮಕ್ಕಳಿಬ್ಬರೂ ದೂರದಲ್ಲಿದ್ದಾರೆ. ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುವ ಶಕ್ತಿ ಆಕೆಗಿಲ್ಲ. ಹೀಗಾಗಿ ೨೦೧೫ರ ಹೋಂಡಾ ಸಿಟಿ ಕಾರೊಂದನ್ನು ಎರಡನೆಯ ಕೈಯಿಂದ ಕೊಂಡೆ. ಅದರ ಗೇರ್‌ಬಾಕ್ಸು ಸಿವಿಟಿ ಎಂಬ ಜಾತಿಯದು. ಅದೇನೆಂದು ಕೊಳ್ಳುವಾಗ ನಾನು ವಿಚಾರಿಸಲಿಲ್ಲ. ‘ಆಟೋಮ್ಯಾಟಿಕ್’ ಎಂಬ ಒಂದು ಶಬ್ದ ನನಗೆ ಸಾಕಾಗಿತ್ತು.

ಕಳೆದ ಮಳೆಗಾಲದಲ್ಲಿ, ಆಸ್ಪತ್ರೆಯಿಂದ ಹಿಂದಿರುಗುವಾಗ, ಏರಿನಲ್ಲಿ ನಿಲ್ಲಿಸಿ ಹೊರಡುವಾಗಲೆಲ್ಲ ಕಾರು ಗದಗದ ನಡುಗತೊಡಗಿತು. ಹಿಂದಿನ ಲಾರಿಗಳು ಹಾರ್ನ್ ಹಾಕುತ್ತಿದ್ದವು; ಪಕ್ಕದಲ್ಲಿ ಕುಳಿತವರು ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು ಸುಮ್ಮನಿದ್ದರು. ಮರುದಿನವೇ ಬೆಳಗಾವಿಯ ಒಂದು ಬಿಡಿಭಾಗಗಳ ಅಂಗಡಿಗೆ ಹೋದೆ. ವಿಷಯ ಕೇಳಿದ ಅಂಗಡಿಯವರು ಚೆಂದದ ನಾಲ್ಕು ಡಬ್ಬಿಗಳನ್ನು ಮುಂದಿಟ್ಟರು. “ಫುಲ್ ಸಿಂಥೆಟಿಕ್ ಐತ್ರಿ, ಯಾವ ಆಟೋಮ್ಯಾಟಿಕ್‌ಗೂ ನಡೀತೈತಿ” ಎಂದರು. ಕೊಂಡುಕೊಂಡು ಖಾನಾಪುರದಲ್ಲಿ ಗ್ಯಾರೇಜು ನಡೆಸುವ ನನ್ನ ಹಳೆಯ ವಿದ್ಯಾರ್ಥಿಯ ಬಳಿಗೆ ಒಯ್ದೆ.

ಆತ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಬಳಿಕ ಅದನ್ನು ಕೆಳಗಿಟ್ಟು, “ಸರ್, ಸಿಟ್ಟಾಗಬ್ಯಾಡ್ರಿ. ಇದು ಈ ಗಾಡಿಗೆ ಹಾಕೂದಲ್ರಿ. ಪುಸ್ತಕ ನೋಡೀರೇನ್ರಿ?” ಎಂದ.

ನೋಡಿರಲಿಲ್ಲ. ಕೈಪಿಡಿ ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಹಾಗೆಯೇ ಇತ್ತು. ಈ ಹುಡುಗನನ್ನು (ಈಗ ಆತನಿಗೆ ಐವತ್ತರ ಸಮೀಪ) ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದದೆ ಉತ್ತರ ಬರೆದದ್ದಕ್ಕಾಗಿ ನಾನು ತರಗತಿಯ ಹೊರಗೆ ನಿಲ್ಲಿಸಿದ್ದುಂಟು. ವಿಜ್ಞಾನದಲ್ಲಿ ಆತ ಎರಡು ಸಲ ನಪಾಸಾಗಿದ್ದ. ಆತನಿಗೆ ಅದು ನೆನಪಿತ್ತೋ ಇಲ್ಲವೋ, ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಪುಟ ಹುಡುಕಿ ಬೆರಳಿಟ್ಟು ತೋರಿಸಿದ: ಹೋಂಡಾ ಎಚ್‌ಸಿಎಫ್-೨. ನಾನು ತಂದ ಡಬ್ಬಿಯ ಮೇಲೆ ಇದ್ದದ್ದು ಡೆಕ್ಸ್ರಾನ್-೬.

ಎರಡೂ ಎಣ್ಣೆಗಳೇ ಅಲ್ಲವೇ, ಇಷ್ಟೇನು ಭೇದ ಎಂದು ನೀವು ಕೇಳಬಹುದು. ಬಿ.ಎಡ್. ತರಬೇತಿಯಲ್ಲಿ ನಮಗೆ ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂದು ಕಲಿಸುತ್ತಿದ್ದರು. ಆದ್ದರಿಂದ ಗಿರಣಿಯಿಂದ ಆರಂಭಿಸುತ್ತೇನೆ. ಭತ್ತದ ಗಿರಣಿಯಲ್ಲಿ ಎರಡು ಗಾಲಿಗಳ ನಡುವೆ ಓಡುವ ಉದ್ದನೆಯ ಪಟ್ಟಾವನ್ನು ಖಾನಾಪುರ ಸೀಮೆಯವರೆಲ್ಲ ಬಾಲ್ಯದಲ್ಲಿ ಕಂಡವರೇ. ಪಟ್ಟಾ ಜಾರಿದರೆ ಗಿರಣಿ ತಿರುಗದು. ಆಗ ಅದಕ್ಕೆ ರಾಳ ಹಚ್ಚುತ್ತಿದ್ದರು. ಸಿವಿಟಿಯ ಒಳಗಿರುವುದೂ ಇದೇ ಬಗೆಯ ಏರ್ಪಾಡು: ಅಗಲವನ್ನು ಹಿಗ್ಗಿಸಿ ಕುಗ್ಗಿಸಬಲ್ಲ ಎರಡು ಉಕ್ಕಿನ ಗಾಲಿಗಳು, ಅವುಗಳ ನಡುವೆ ಒಂದು ಉಕ್ಕಿನ ಪಟ್ಟಾ. ಆದರೆ ಇಲ್ಲಿ ಪಟ್ಟಾ ಓಡುವುದು ಎಣ್ಣೆಯಲ್ಲಿ ಮುಳುಗಿಕೊಂಡು. ಲೋಹಕ್ಕೆ ಲೋಹ ಸವೆಯದಂತೆ ಕಾಯಬೇಕಾದದ್ದೂ ಆ ಎಣ್ಣೆಯೇ, ಪಟ್ಟಾ ಜಾರದಂತೆ ಹಿಡಿತ ಕೊಡಬೇಕಾದದ್ದೂ ಅದೇ. ಹಳೆಯ ಮಾದರಿಯ, ಟಾರ್ಕ್ ಕನ್ವರ್ಟರ್ ಮತ್ತು ಹಲ್ಲುಗಾಲಿಗಳುಳ್ಳ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಹಿಡಿತ ಬೇಕಾಗುವುದು ಕ್ಲಚ್ ಬಿಲ್ಲೆಗಳ ನಡುವೆ. ಅಲ್ಲಿ ಬಿಲ್ಲೆಗಳು ನಯವಾಗಿ ಕೂಡಬೇಕು. ಅದಕ್ಕಾಗಿ ರೂಪಿಸಿದ ಎಣ್ಣೆಯನ್ನು ಸಿವಿಟಿಗೆ ಸುರಿದರೆ ಉಕ್ಕಿನ ಪಟ್ಟಾ ಜಾರಿ ಗಾಲಿಗಳ ಮೇಲೆ ಗೀರು ಬೀಳಬಹುದು. ಆ ಮೇಲೆ ಯಾವ ಎಣ್ಣೆ ಹಾಕಿದರೂ ಆ ಗೀರು ಮಾಯದು.

ನಮ್ಮೂರ ರಸ್ತೆಗಳಲ್ಲಿ ‘ಆಟೋಮ್ಯಾಟಿಕ್’ ಎಂದು ಓಡಾಡುವ ಬಹಳಷ್ಟು ಸಣ್ಣ ಕಾರುಗಳು ಮೂರನೆಯ ಜಾತಿಯವು. ೨೦೧೪ರಲ್ಲಿ ಮಾರುತಿ ಸೆಲೆರಿಯೋದೊಂದಿಗೆ ಬಂದ ಎಎಂಟಿ ಎಂಬುದು ವಾಸ್ತವದಲ್ಲಿ ಕೈಯಿಂದ ಹಾಕುವ ಗೇರ್‌ಬಾಕ್ಸೇ. ಕ್ಲಚ್ಚನ್ನೂ ಗೇರನ್ನೂ ನಮ್ಮ ಬದಲು ಯಂತ್ರ ನಡೆಸುತ್ತದೆ, ಅಷ್ಟೆ. ಅದರ ಗೇರುಗಳಿಗೆ ಬೇಕಾದದ್ದು ಗೇರ್ ಆಯಿಲ್, ಈ ಕೆಂಪು ಎಣ್ಣೆಯಲ್ಲ.

ಕೆಂಪು ಎಂದೊಡನೆ ಇನ್ನೊಂದು ಮಾತು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಗೆ ಕೆಂಪು ಬಣ್ಣ ಬೆರೆಸುವುದು, ಸೋರಿದಾಗ ಎಂಜಿನ್ ಎಣ್ಣೆಯಿಂದ ಬೇರ್ಪಡಿಸಿ ಗುರುತಿಸಲೆಂದು. ಬೇರೆ ಬೇರೆ ಮಾನದ ಎಣ್ಣೆಗಳೆಲ್ಲ ಕೆಂಪಾಗಿಯೇ ಇರಬಹುದಾದ್ದರಿಂದ ಬಣ್ಣ ನೋಡಿ ಆರಿಸುವುದು ವ್ಯರ್ಥ.

ಇನ್ನು ‘ಸಿಂಥೆಟಿಕ್’ ಎಂಬ ಶಬ್ದ. ಸಂಶ್ಲೇಷಿತ ಎಣ್ಣೆ ಕಾವಿಗೆ ಬೇಗ ಕೆಡುವುದಿಲ್ಲ, ಚಳಿಗೆ ಗಟ್ಟಿಯಾಗುವುದಿಲ್ಲ. ಇದು ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಶಬ್ದದ ಅರ್ಥವೇ ಸಡಿಲ. ಕಚ್ಚಾ ತೈಲವನ್ನೇ ತೀವ್ರವಾಗಿ ಸಂಸ್ಕರಿಸಿ ಪಡೆದ ಎಣ್ಣೆಯನ್ನು ಸಿಂಥೆಟಿಕ್ ಎನ್ನಬಹುದೇ ಎಂದು ಅಮೆರಿಕದಲ್ಲಿ ಮೊಬಿಲ್ ಕಂಪನಿಯು ಕ್ಯಾಸ್ಟ್ರಾಲ್ ಕಂಪನಿಯ ಮೇಲೆ ದೂರು ಒಯ್ದಿತ್ತು. ೧೯೯೯ರಲ್ಲಿ ಅಲ್ಲಿನ ಜಾಹೀರಾತು ವಿಚಾರಣಾ ಮಂಡಳಿ ‘ಎನ್ನಬಹುದು’ ಎಂದು ತೀರ್ಮಾನಿಸಿತು. ಅಂದಿನಿಂದ ಡಬ್ಬಿಯ ಮೇಲಿನ ಆ ಪದ ನಮಗೆ ತಿಳಿಸುವುದು ಬಹಳ ಕಡಿಮೆ. ಎಣ್ಣೆಗೆ ಬೆರೆಸುವ ರಾಸಾಯನಿಕಗಳೇ ಹಿಡಿತವನ್ನೂ ಜಾರಿಕೆಯನ್ನೂ ನಿರ್ಧರಿಸುತ್ತವೆ. ಒಂದು ಕಾಲಕ್ಕೆ ಅದಕ್ಕಾಗಿ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರೆಂದು ಓದಿ ಬೆರಗಾದೆ! ಅಮೆರಿಕದಲ್ಲಿ ೧೯೭೦ರ ದಶಕದ ಆರಂಭದಲ್ಲಿ ತಿಮಿಂಗಿಲಗಳ ರಕ್ಷಣೆಗೆ ಕಾನೂನು ಅಡ್ಡಬಂದ ಮೇಲೆ ಬದಲಿ ಹುಡುಕಬೇಕಾಯಿತು.

ಆದುದರಿಂದ ನೋಡಬೇಕಾದದ್ದು ಮಾನದ ಹೆಸರನ್ನು. ಕಾರು ಕಂಪನಿಯ ಮುದ್ರೆಯಿರುವ ಡಬ್ಬಿಯೇ ಆಗಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಡೆಕ್ಸ್ರಾನ್ ಹೆಸರಿನ ಎಣ್ಣೆಗೆ ಜನರಲ್ ಮೋಟರ್ಸ್ ಪರವಾನಗಿ ಕೊಡುತ್ತದೆ, ಅದರ ಸಂಖ್ಯೆ ಡಬ್ಬಿಯ ಮೇಲೆ ಇರುತ್ತದೆ; ಅಂಥದನ್ನು ಯಾರು ತಯಾರಿಸಿದರೇನು? ಆದರೆ ‘ಅನುಮೋದನೆ ಪಡೆದಿದೆ’ ಎಂಬುದಕ್ಕೂ ‘ಹೊಂದಿಕೊಳ್ಳುತ್ತದೆ’ ಎಂಬುದಕ್ಕೂ ಅಂತರವಿದೆ. ಮೊದಲನೆಯದು ಕಾರು ತಯಾರಿಸಿದವರ ಮಾತು, ಎರಡನೆಯದು ಎಣ್ಣೆ ಮಾರುವವರ ಮಾತು. ನನ್ನ ಡಬ್ಬಿಯ ಹಿಂಬದಿಯಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಸರುಗಳಿದ್ದವು. ಎಲ್ಲದರ ಮೇಲಿದ್ದ ಶಬ್ದ ‘ಹೊಂದಿಕೊಳ್ಳುತ್ತದೆ’.

ಬೆಳಗಾವಿಯವರಿಗೆ ಇದನ್ನು ಹೇಳಬೇಕಾಗಿ ಬಂದದ್ದು ಒಂದು ವಿನೋದ. ಹೈಡ್ರಾಲಿಕ್ ಪಂಪು, ವಾಲ್ವುಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳಿಸುವ ಊರು ನಮ್ಮದು. ಉದ್ಯಮಬಾಗದಲ್ಲಿ ದುಡಿಯುವ ನಮ್ಮ ಹುಡುಗರನ್ನು ಕೇಳಿದರೆ, ಎಣ್ಣೆಯ ಸಾಂದ್ರತೆ ತಪ್ಪಿದರೆ ವಾಲ್ವು ಸರಿಯಾಗಿ ಆಡದೆಂದು ನಿದ್ದೆಯಲ್ಲಿಯೂ ಹೇಳುತ್ತಾರೆ. ‘ಸ್ನಿಗ್ಧತೆ ಅನ್ರಿ ಸರ್’ ಎಂದು ನನ್ನನ್ನು ತಿದ್ದಿದವರೂ ಅವರೇ. ಆಟೋಮ್ಯಾಟಿಕ್ ಗೇರ್‌ಬಾಕ್ಸೂ ಎಣ್ಣೆಯ ಒತ್ತಡದಿಂದ ನಡೆಯುವ ಅಂಥದೇ ಯಂತ್ರ. ಆದರೂ ಕಾರಿನ ವಿಷಯ ಬಂದಾಗ ಅಂಗಡಿಯವರ ಬಾಯಿಮಾತಿಗೆ ತಲೆದೂಗುತ್ತೇವೆ.

ನನ್ನ ಆಕ್ಷೇಪ ಅಂಗಡಿಯವರ ಮೇಲೆ ಅಷ್ಟಿಲ್ಲ. ಲಕ್ಷಗಟ್ಟಲೆ ರೂಪಾಯಿಯ ಕಾರನ್ನು ಕರ್ನಾಟಕದಲ್ಲಿ ಮಾರುವವರು ಅದರ ಕೈಪಿಡಿಯನ್ನು ಕನ್ನಡದಲ್ಲಿ ಏಕೆ ಕೊಡಬಾರದು? ನನ್ನ ಕಾರಿನೊಂದಿಗೆ ಬಂದದ್ದು ಇಂಗ್ಲಿಷಿನದು ಮಾತ್ರ. ನನ್ನ ಶಿಷ್ಯ ಆ ಇಂಗ್ಲಿಷಿನ ನಡುವೆ ಅಂಕಿ-ಅಕ್ಷರಗಳನ್ನು ಗುರುತು ಹಿಡಿದು ಓದಬಲ್ಲ; ಕಾರಿನ ಎಲ್ಲ ಮಾಲೀಕರಿಗೂ ಅದು ಸಾಧ್ಯವೇ? ‘ಸಾಮಾನ್ಯ ಬಳಕೆ’ಗೆ ಒಂದು, ‘ಕಠಿಣ ಬಳಕೆ’ಗೆ ಇನ್ನೊಂದು ಎಂದು ಎಣ್ಣೆ ಬದಲಾಯಿಸುವ ಅವಧಿಯನ್ನು ಎರಡು ಬಗೆಯಲ್ಲಿ ಕೊಡುವ ಕೈಪಿಡಿಗಳುಂಟು. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನಲ್ಲಿ ಗೋವೆಗೆ ಓಡಾಡುವವರದು ಯಾವ ಬಳಕೆ? ಇದನ್ನು ಆ ಚಾಲಕನು ತನ್ನ ಭಾಷೆಯಲ್ಲಿ ಓದಿ ತಿಳಿಯಬೇಡವೇ? ಔಷಧದ ಚೀಟಿಯ ವಿಷಯದಲ್ಲಿಯೂ ನನ್ನದು ಇದೇ ದೂರು, ಅದನ್ನು ಇನ್ನೊಮ್ಮೆ ಬರೆಯುವೆ.

ಸರಿಯಾದ ಎಣ್ಣೆ ಮೂರು ದಿನಗಳ ಬಳಿಕ ಬಂತು. ಆ ಮೂರು ದಿನಗಳಲ್ಲಿ ಒಂದು ಚಿಕಿತ್ಸೆಗೆ ಆತನೇ ತನ್ನ ಗಾಡಿಯಲ್ಲಿ ನಮ್ಮನ್ನು ಬೆಳಗಾವಿಗೆ ಕರೆದೊಯ್ದ. ಡೀಸೆಲ್ ಹಣವನ್ನೂ ಮುಟ್ಟಲಿಲ್ಲ. ಎಣ್ಣೆ ಬದಲಾದ ಮೇಲೆ ನಡುಕ ಬಹುಮಟ್ಟಿಗೆ ನಿಂತಿದೆ. ಪೂರ್ತಿ ನಿಂತಿಲ್ಲ, ಹಿಂದಿನ ಮಾಲೀಕರು ಏನು ಹಾಕಿಸಿದ್ದರೋ ಬಲ್ಲವರಾರು! ಇನ್ನೊಮ್ಮೆ ಬೇಗನೆ ಬದಲಾಯಿಸೋಣವೆಂದು ಆತ ಹೇಳಿದ್ದಾನೆ.

ಕೈಪಿಡಿಯ ಆ ಪುಟದ ಝೆರಾಕ್ಸ್ ಮಾಡಿಸಿ, ಕೆಳಗೆ ಕನ್ನಡದಲ್ಲಿ ಬರೆದು, ಗ್ಯಾರೇಜಿನ ಗೋಡೆಗೆ ಅಂಟಿಸಿಕೊಟ್ಟೆ. ಅದನ್ನು ಕಂಡ ಇಬ್ಬರು ತಮ್ಮ ಕಾರಿನ ಕೈಪಿಡಿಗಳನ್ನೂ ತಂದುಕೊಟ್ಟಿದ್ದಾರೆ. ಬೆಳಗಿನ ಹೊತ್ತು ಈಗ ಅದೇ ಕೆಲಸ. ಅಂಗಡಿಯವರು ಡಬ್ಬಿಗಳನ್ನು ಹಿಂತೆಗೆದುಕೊಳ್ಳಲಿಲ್ಲ. ನಾಲ್ಕೂ ನಮ್ಮ ಅಟ್ಟದ ಮೇಲಿವೆ, ಮುಚ್ಚಳ ತೆರೆದಿಲ್ಲ. ನಿಮ್ಮಲ್ಲಿ ಯಾರ ಕಾರಿಗಾದರೂ ಡೆಕ್ಸ್ರಾನ್-೬ ಬೇಕಿದ್ದರೆ ಬಂದು ಒಯ್ಯಿರಿ. ಬರುವಾಗ ಕೈಪಿಡಿ ತರಬೇಕು.